ಬೆಣಚಿನಮಟ್ಟಿ ದಾರಿಯನ್ನು ನುಂಗಿದ ಸೈಕಲ್ಲು

ಮೌನಪ್ಪ ಬಡಿಗೇರ ಗೇರ್ ಸೈಕಲ್ಲಿನ ಕ್ಯಾರಿಯರ್ ಮೇಲೆ ಅಂಚಿನ ತನಕ ಚಹಾ ತುಂಬಿದ ಲೋಟ ಇಟ್ಟ. ನಮ್ಮ ಮನೆಯ ಮುಂದಿನ ಬಂಡೆಗಳ ಮೇಲೆ ಸೈಕಲ್ಲು ಹತ್ತಿಸಿದ, ಇಳಿಸಿದ, ಬಾವಿಯ ತನಕ ಹೋಗಿ ತಿರುಗಿ ಬಂದ. ಚಹಾ ತುಳುಕಿರಲಿಲ್ಲ. ಮೇಲಿನ ಕೆನೆ ಕೂಡ ಸುಕ್ಕುಗಟ್ಟಿರಲಿಲ್ಲ.

"ಕುಡಿ ಗೌಡ," ಎಂದು ಲೋಟವನ್ನು ನನ್ನ ಕೈಗೇ ಕೊಟ್ಟ. ಕುಡಿದೆ. ತಣ್ಣಗಾಗಿತ್ತು. ಅದೊಂದನ್ನು ಬಿಟ್ಟರೆ ದೂರಲು ಏನೂ ಸಿಗಲಿಲ್ಲ.

ಮೌನಪ್ಪ ನಮ್ಮ ಪಕ್ಕದ ಮನೆಯವನು. ಕುಂಟೆ, ನೇಗಿಲು, ಔಷಧಿ ಹೊಡೆಯುವ ಪಂಪು ಇವನ್ನೆಲ್ಲ ರಿಪೇರಿ ಮಾಡುತ್ತಾನೆ. ಬಿಡುವು ಸಿಕ್ಕಾಗ ಯಾರೂ ಕೇಳದ ಯಂತ್ರಗಳನ್ನು ಹುಟ್ಟಿಸುತ್ತಾನೆ. ಈ ಸಲದ್ದು ಮಾತ್ರ ಊರಿಗೆ ಬೇಕಾದದ್ದೇ. ಬೆಣಚಿನಮಟ್ಟಿಯಿಂದ ಡಾಂಬರು ರಸ್ತೆಯ ಕ್ರಾಸಿಗೆ ಗುಡ್ಡದ ಸಂದಿಯಲ್ಲಿ ಐದು ಕಿಲೋಮೀಟರ್ ದಾರಿ. ದಾರಿ ಅಂದರೆ ಕಲ್ಲು, ತೆಗ್ಗು, ಮತ್ತೆ ಕಲ್ಲು. ಹಾಲಿನ ವ್ಯಾನು ಕ್ರಾಸಿನಿಂದ ಈಚೆ ಬರುವುದಿಲ್ಲ. ಹಾಲಿನ ಸಂಘದ ಎರಡು ಕ್ಯಾನ್ ಹಾಲನ್ನು ಸೈಕಲ್ಲಿನ ಮೇಲೆ ಅಲ್ಲಿಗೆ ಮುಟ್ಟಿಸುವವಳು ಮೌನಪ್ಪನ ಹೆಂಡತಿ ಕಾಳವ್ವ. ಕ್ರಾಸ್ ಮುಟ್ಟುವಷ್ಟರಲ್ಲಿ ಹಾಲು ಅರ್ಧ ಕಡೆದು ಹೋಗಿ, ಮೇಲೆ ಬೆಣ್ಣೆಯ ಕಾಳು ತೇಲುತ್ತಿದ್ದವು. ವಾರದಲ್ಲಿ ಎರಡು ದಿನ ವ್ಯಾನಿನವನು ಅದನ್ನು ವಾಪಸು ಕಳಿಸುತ್ತಿದ್ದ. ಹೀಗೇ ಆದರೆ ನಿಮ್ಮೂರಿನ ಹಾಲೇ ಬೇಡ ಎಂದು ಸಂಘದ ಕಾರ್ಯದರ್ಶಿಯಾದ ನನ್ನೆದುರೇ ಹೇಳಿದ್ದ. ಒಂದು ರಸ್ತೆ ಮಾಡಿಕೊಡಿ ಎಂದು ಕಾಳವ್ವ ಬರೆಸಿ ಕಳಿಸಿದ ಅರ್ಜಿಗಳು ಅಷ್ಟರಲ್ಲಿ ಹದಿನಾಲ್ಕು ಆಗಿದ್ದವು.

ಸೈಕಲ್ಲಿಗೆ ಹಳೆ ಮೋಟರ್ ಸೈಕಲ್ಲಿನ, ಕುಲುಕು ನುಂಗುವ ಶಾಕ್‌ಅಬ್ಸರ್ ಕೂಡಿಸಿದ್ದು ದೊಡ್ಡ ಮಾತಲ್ಲ, ಅದನ್ನು ಹದಕ್ಕೆ ತರುವುದೇ ವಿದ್ಯೆ ಎಂಬುದು ಮೌನಪ್ಪನ ವಾದ. ಆಳು ಸಾಮಾನು ಸಮೇತ ಕೂತಾಗ ಅದು ತನ್ನ ಉದ್ದದ ಕಾಲು ಭಾಗ ಕುಗ್ಗಬೇಕು. ಕಡಿಮೆ ಕುಗ್ಗಿದರೆ ಕಲ್ಲಿನ ಹಾಗೆ ಒದೆಯುತ್ತದೆ. ಹೆಚ್ಚು ಕುಗ್ಗಿದರೆ ತೆಗ್ಗು ಬಂದಾಗ ಕುಗ್ಗಲು ಜಾಗವೇ ಉಳಿಯುವುದಿಲ್ಲ. ಎಷ್ಟು ಕುಗ್ಗಿತೆಂದು ತಿಳಿಯಲು ಅದರ ಸರಳಿಗೊಂದು ರಬ್ಬರ್ ಉಂಗುರ ತೊಡಿಸಿದ್ದ. ಒಳಗೆ ಎಷ್ಟು ಗಾಳಿ ತುಂಬಬೇಕೆಂದು ಗೊತ್ತುಮಾಡಲು ಇನ್ನು ಬೇಕಾದದ್ದು ಕಾಳವ್ವನ ತೂಕ.

ಸಂಘದ ತಕ್ಕಡಿಯ ಮೇಲೆ ನಿಲ್ಲು ಎಂದದ್ದಕ್ಕೆ ಕಾಳವ್ವ ಸೆರಗು ಬಿಗಿದಳು. "ಹಾಲು ತೂಗೂ ತಕ್ಕಡಿ ಮ್ಯಾಲ ನಾ ಯಾಕ ನಿಲ್ಲಲಿ? ನನ್ನೂ ಡೇರಿಗೆ ಹಾಕವರೇನು?"

"ತೂಕ ಗೊತ್ತಿಲ್ದ ಗಾಳಿ ಎಷ್ಟ ಹೊಡೀಲಿ?"

"ಇಪ್ಪತ್ತೆರಡ ವರ್ಷ ಬಾಳೇವು ಮಾಡೀರಿ. ಅಂದಾಜ ಸಿಕ್ಕಿಲ್ಲೇನು?"

ಮೌನಪ್ಪ ಅಂದಾಜು ಹೇಳಿದ. ಅದು ಅವನ ತಪ್ಪು. ಕಾಳವ್ವ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ತಾನಾಗಿಯೇ ಬಂದು ತಕ್ಕಡಿ ಹತ್ತಿ, ನನ್ನನ್ನು ಸಾಕ್ಷಿಗೆ ನಿಲ್ಲಿಸಿ, ಗಂಡನ ಅಂದಾಜು ಹನ್ನೊಂದು ಕಿಲೋ ಹೆಚ್ಚೆಂದು ತೋರಿಸಿ ಇಳಿದಳು.

ಒಳಗಿನ ಎಣ್ಣೆ ಮಾತ್ರ ಮೌನಪ್ಪನ ಸ್ವಂತದ್ದು. ಔಡಲೆಣ್ಣೆಗೆ ಹೊಂಗೆಎಣ್ಣೆ ಬೆರೆಸಿ, ನಮ್ಮ ಗುಡ್ಡದ ಕೆಂಪು ಮಣ್ಣನ್ನು ಸೋಸಿ ಹಾಕಿ, ಏಳು ದಿನ ಕುದಿಸಿದ್ದ. ಆ ಎಣ್ಣೆ ಏಟನ್ನು ಹಿಡಿದಿಟ್ಟುಕೊಳ್ಳುತ್ತದಂತೆ. ಕುಗ್ಗಿದ ಶಾಕ್‌ಅಬ್ಸರ್ ಎಷ್ಟು ಬೇಗ ಮೇಲೇಳಬೇಕು ಎಂಬುದಕ್ಕೆ ಒಂದು ತಿರುಪು. ಬೇಗ ಎದ್ದರೆ ಹಾಲು ಕುಣಿಯುತ್ತದೆಂದು ಅದನ್ನು ನಿಧಾನದ ಕಡೆಗೆ ಚೆನ್ನಾಗಿ ತಿರುವಿಟ್ಟ.

ಮೊದಲ ದಿನ ವ್ಯಾನಿನವನು ಕ್ಯಾನಿನ ಮುಚ್ಚಳ ತೆರೆದು, ಎಮ್ಮೆ ಬದಲಿಸಿದಿರೇನು ಎಂದು ಕೇಳಿದನಂತೆ. ಕಾಳವ್ವ ಹಾಡು ಗುನುಗುತ್ತ ಮನೆಗೆ ಬಂದು, ಸೈಕಲ್ಲನ್ನು ಎಮ್ಮೆಗಳ ಗೋದಲಿಗೆ ಆನಿಸಿ ಒಳಗೆ ಹೋದಳು. ಅವಳು ಊರು ಬಿಟ್ಟು ಸರಿಯಾಗಿ ಎರಡು ತಾಸಾಗಿತ್ತು. ಆಗ ಸೈಕಲ್ಲು ಜಿಗಿಯಿತು.

ಒಮ್ಮೆಯಲ್ಲ. ಮೊದಲು ಮೂರು ಸಣ್ಣ ಜಿಗಿತ, ಆಮೇಲೆ ಸೊಂಟದೆತ್ತರಕ್ಕೆ ಒಂದು ದೊಡ್ಡದು, ಆಮೇಲೆ ಗಡಗಡ ನಡುಕ. ಎಮ್ಮೆಗಳೆರಡೂ ಕಣ್ಣಿ ಹರಿದುಕೊಂಡು ಓಡಿದವು. ಓಣಿಯ ಜನ ಕೂಡಿದರು. ಹಿಡಿಯಲು ಹೋದ ಮೌನಪ್ಪ ಗೊಬ್ಬರದ ಗುಂಡಿಗೆ ಬಿದ್ದ. ಕಾಳವ್ವ ಮಾತ್ರ ಬಾಗಿಲಲ್ಲಿ ಗದ್ದಕ್ಕೆ ಕೈ ಕೊಟ್ಟು ನೋಡುತ್ತ ನಿಂತಿದ್ದಳು.

"ಗೌಡ್ರ, ಈ ದೊಡ್ಡದು ಹುಣಸಿಮರದ ತೆಗ್ಗು," ಎಂದಳು. "ಈಗ ಹಳ್ಳದ ಉಸುಕು ಬರತೈತಿ ನೋಡ್ರಿ."

ಹೌದು, ಸೈಕಲ್ಲು ತುಸು ಹೊತ್ತು ಮೆತ್ತಗೆ ತೂಗಿತು. ಆಮೇಲೆ ಮತ್ತೆ ಕಲ್ಲು. ಎಣ್ಣೆ ನುಂಗಿದ ದಾರಿಯೆಲ್ಲ, ಹೋದದ್ದೂ ಬಂದದ್ದೂ, ಇದ್ದ ಕ್ರಮದಲ್ಲೇ ಹೊರಗೆ ಬರುತ್ತಿತ್ತು. ದಿನವೂ ಅಷ್ಟೇ, ಎರಡು ತಾಸಿಗೆ ಸರಿಯಾಗಿ. ನಾಲ್ಕನೆಯ ದಿನ ಎರಡು ಜಿಗಿತಗಳ ನಡುವೆ ಹೊಸದೊಂದು ಸೇರಿತು. ನಾನು ಕುತೂಹಲ ತಡೆಯದೆ ದಾರಿಗುಂಟ ನಡೆದು ಹೋಗಿ ನೋಡಿದೆ. ಸೈಕಲ್ಲು ಹೇಳಿದ ಜಾಗದಲ್ಲಿ ಬಂಡೆಯೊಂದು ಉರುಳಿ ಬಿದ್ದಿತ್ತು.

ಇದನ್ನು ಸರಿಪಡಿಸುತ್ತೇನೆ ಎಂದ ಮೌನಪ್ಪನನ್ನು ಕಾಳವ್ವ ತಡೆದಳು. ಅವಳು ಸೀಟಿನ ಮೇಲೆ ತೊಗರಿಕಾಯಿಯ ಚೀಲ ಕಟ್ಟತೊಡಗಿದ್ದಳು. ಹೋಗಿ ಬಂದ ದಾರಿಯನ್ನು ಸೈಕಲ್ಲು ಕುಣಿದು ಮುಗಿಸುವಷ್ಟರಲ್ಲಿ ಕಾಳು ಬೇರೆ, ಸಿಪ್ಪೆ ಬೇರೆ.

ಹೀಗಿರುವಾಗ ಹದಿನಾಲ್ಕನೆಯ ಅರ್ಜಿಗೆ ಉತ್ತರ ಬಂತು. ದಾರಿ ನೋಡಲು ಮುದಗಲ್ ಎಂಬ ಇಂಜಿನಿಯರ್ ಸಾಹೇಬರು ಬರುತ್ತಾರೆ, ಅವರು ಬರೆದಂತೆ ರಸ್ತೆ.

ಕಾಳವ್ವ ಆ ರಾತ್ರಿಯೇ ಎಲ್ಲ ಗೊತ್ತು ಮಾಡಿದಳು. ಸಾಹೇಬರ ಜೀಪು ಈ ದಾರಿಗೆ ಇಳಿಯುವುದಿಲ್ಲ. ಆದ್ದರಿಂದ ಕ್ರಾಸಿಗೆ ನಮ್ಮ ಚಕ್ಕಡಿ ಹೋಗಬೇಕು. ಕಬ್ಬಿಣದ ಪಟ್ಟಿಯ ಗಾಲಿಯದು, ಒಳಗೆ ಹುಲ್ಲು ಹಾಸಬಾರದು. "ಅವರ ಎಲುಬಿಗೆ ಗೊತ್ತಾಗಬೇಕ್ರಿ, ಕಣ್ಣಿಗಲ್ಲ," ಎಂದಳು.

ನಾನೂ ಮೌನಪ್ಪನೂ ಹೋದೆವು. ನಾನು ಚಕ್ಕಡಿಯಲ್ಲಿ, ಅವನು ಹಾಲಿನ ಸೈಕಲ್ಲಿನಲ್ಲಿ. ಸಾಹೇಬರು ಬರುವಷ್ಟರಲ್ಲಿ ಎರಡು ತಾಸು ಕಳೆದು, ಮೌನಪ್ಪ ತುಳಿದು ಬಂದ ದಾರಿಯನ್ನು ಸೈಕಲ್ಲು ಕ್ರಾಸಿನಲ್ಲೇ ಕುಣಿದು ಮುಗಿಸಿತ್ತು. ಸಾಹೇಬರು ಜೀಪಿನಿಂದ ಇಳಿದರು. ದಪ್ಪ ಆಳು, ಸೊಂಟಕ್ಕೆ ಡಾಕ್ಟರು ಕೊಟ್ಟ ಪಟ್ಟಿ. ಚಕ್ಕಡಿ ನೋಡಿ ಅವರ ಮುಖ ಬಾಡಿತು. ಹುಲ್ಲಿಲ್ಲದ ಹಲಗೆಯನ್ನು ಕೈಯಿಂದ ಮುಟ್ಟಿ ನೋಡಿದರು. ಮನೆಗೆ ಉಣ್ಣಲು ಕರೆದ ಮನುಷ್ಯನನ್ನು ಹೀಗೆ ಕುಲುಕಿಸಿಕೊಂಡು ಒಯ್ಯುವುದು ಹೇಗೆ? ನನಗೇ ನಾಚಿಕೆಯಾಯಿತು. ಆ ಹೊತ್ತಿಗೆ ಮೌನಪ್ಪ, "ಸಾಹೇಬ್ರ, ಸೈಕಲ್ಲು ತುಳಿಯೂದು ಬರತೈತೇನ್ರಿ?" ಎಂದು ಕೇಳಿಬಿಟ್ಟ. ನಾನು ಬೇಡವೆನ್ನಲಿಲ್ಲ.

ಬರುತ್ತಿತ್ತು. ಕಾಲೇಜಿನಲ್ಲಿ ಸೈಕಲ್ ಓಟದಲ್ಲಿ ಕಪ್ ಗೆದ್ದವರಂತೆ. ಮೌನಪ್ಪ ಅವರನ್ನು ಕೂಡಿಸಿ, ಉಂಗುರ ಎಷ್ಟು ಸರಿಯಿತೆಂದು ಬಗ್ಗಿ ನೋಡಿ, ಪಂಪಿನಿಂದ ಗಾಳಿ ಹೊಡೆದು, ಸಾಹೇಬರ ಸೊಂಟಕ್ಕೆ ಸುಖವಾಗಲಿ ಎಂದು ತಿರುಪನ್ನು ನಿಧಾನದ ಕಡೆಗೆ ಇನ್ನೊಂದು ಸುತ್ತು ತಿರುಗಿಸಿದ. ಸಾಹೇಬರು ಹುಡುಗನ ಹಾಗೆ ಗುಡ್ಡ ಹತ್ತಿ ಮರೆಯಾದರು. ಚಕ್ಕಡಿಯಲ್ಲಿ ಕೂತು ಬಂದವರು ನಾವಿಬ್ಬರು. ಹುಣಸಿಮರದ ತೆಗ್ಗಿನಲ್ಲಿ ನನ್ನ ನಾಲಿಗೆ ಹಲ್ಲಿಗೆ ಸಿಕ್ಕಿತು.

ನಾವು ಮುಟ್ಟಿದಾಗ ಸಾಹೇಬರು ಹೊರಸಿನ ಮೇಲೆ ಕಾಲು ಚಾಚಿ ಮಜ್ಜಿಗೆ ಕುಡಿಯುತ್ತಿದ್ದರು. ಕಾಳವ್ವ ನನ್ನನ್ನು ಹಿತ್ತಲಿಗೆ ಕರೆದಳು. ದನಿ ಏರಿಸಲಿಲ್ಲ.

"ಗೌಡ್ರ, ಚಕ್ಕಡ್ಯಾಗ ಅವರನ್ನ ಕರಕೊಂಡ ಬರ್ರಿ ಅಂದಿದ್ನಿ. ನೀವು ಕೂತು ಬಂದ್ರಿ."

ಕಚ್ಚಿಕೊಂಡ ನನ್ನ ನಾಲಿಗೆ ಊದಿತ್ತು. ಕಾಳವ್ವ ತಾನೇ ಲೆಕ್ಕ ಹಾಕಿದಳು. ಸಾಹೇಬರು ಕ್ರಾಸ್ ಬಿಟ್ಟದ್ದು ಹನ್ನೊಂದಕ್ಕೆ. ಒಂದು ಗಂಟೆಗೆ ಸೈಕಲ್ಲು ತಾನೇ ಎಲ್ಲವನ್ನೂ ಹೇಳುತ್ತದೆ. ಅಲ್ಲಿಯ ತನಕ ಅವರನ್ನು ಏಳಲು ಬಿಡಬಾರದು. ಸೈಕಲ್ಲನ್ನು ಅವರ ಕಣ್ಣೆದುರೇ ಗೋಡೆಗೆ ಆನಿಸಿ, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು ಒಂದಾದ ಮೇಲೆ ಒಂದು ತಂದಳು. ಸಾಹೇಬರು ಉಂಡರು. ಒಂದು ಹೊಡೆಯಿತು. ಸೈಕಲ್ಲು ಅಲುಗಲಿಲ್ಲ. ಮತ್ತೊಂದು ರೊಟ್ಟಿ ಬಂತು. ಒಂದೂಕಾಲಾಯಿತು. ಆಗ ಮೌನಪ್ಪ ಮೆಲ್ಲಗೆ ನನ್ನ ಕಿವಿಯಲ್ಲಿ ತಿರುಪಿನ ಆ ಇನ್ನೊಂದು ಸುತ್ತಿನ ಸಂಗತಿ ಹೇಳಿದ. ಅದರಿಂದ ದಾರಿ ಹೊರಬರುವುದೂ ತಡವಾಗುತ್ತದಂತೆ.

ಒಂದೂವರೆಗೆ ಸಾಹೇಬರು ಕೈ ತೊಳೆದು, ಪುಸ್ತಕ ತೆಗೆದು ಬರೆದು, ನಮಗೆ ಸಂತೋಷವಾಗಲೆಂದು ಗಟ್ಟಿಯಾಗಿ ಓದಿದರು: "ದಾರಿಯು ಉತ್ತಮ ಸ್ಥಿತಿಯಲ್ಲಿದ್ದು, ಎಲ್ಲ ಬಗೆಯ ವಾಹನಗಳ ಸಂಚಾರಕ್ಕೆ ಯೋಗ್ಯವಾಗಿದೆ."

"ಇನ್ನೊಂದು ತಾಸು ಇರ್ರಿ ಸಾಹೇಬ್ರ," ಎಂದಳು ಕಾಳವ್ವ. "ಸೈಕಲ್ಲು ಹೇಳೂದು ಬಾಕಿ ಐತಿ."

ಸಾಹೇಬರು ಅದನ್ನು ಹಳ್ಳಿಯವರ ಪ್ರೀತಿ ಎಂದುಕೊಂಡು ನಕ್ಕರು. ಅದೇ ಸೈಕಲ್ಲಿನಲ್ಲಿ ಕ್ರಾಸಿಗೆ ತಿರುಗಿದರು. ಬಿಡಲು ಮನಸ್ಸಾಗದೆ, ಮೇಲಿನ ಸಾಹೇಬರಿಗೆ ತೋರಿಸುತ್ತೇನೆಂದು ಅದನ್ನು ಜೀಪಿನ ಬೆನ್ನಿಗೆ ಬಿಗಿಯಾಗಿ ಕಟ್ಟಿಸಿದರು. ವಿವರಿಸಲು ಮೌನಪ್ಪನೂ ಹತ್ತಿದ. ಮುಂದಿನದು ಅವನು ಬಂದು ಹೇಳಿದ್ದು.

ಎರಡು ವರ್ಷದ ಹಿಂದೆ ಮಾಡಿದ ಡಾಂಬರು ರಸ್ತೆ ಅದು, ಕನ್ನಡಿಯಂಥದ್ದು. ಮೊದಲ ಮೈಲಿಗಲ್ಲು ದಾಟುತ್ತಲೇ ಜೀಪು ಜಿಗಿಯಿತು. ಡ್ರೈವರನ ತಲೆ ಜೀಪಿನ ಛಾವಣಿಗೆ ಬಡಿಯಿತು. ಸಾಹೇಬರು ಇಳಿದು, ಕೂತು, ರಸ್ತೆಯನ್ನು ಅಂಗೈಯಿಂದ ಸವರಿ ನೋಡಿ ಮತ್ತೆ ಹತ್ತಿದರು. ಮತ್ತೆ ಜಿಗಿಯಿತು. ಬೆಣಚಿನಮಟ್ಟಿಗೆ ಬಂದ ದಾರಿಯೂ ತಿರುಗಿ ಹೋದ ದಾರಿಯೂ ಒಂದು ಕಲ್ಲು ಬಿಡದೆ ಹೊರಬಿತ್ತು. ಮೌನಪ್ಪ ನಿಜ ಹೇಳಲು ಬಾಯಿ ತೆರೆದಾಗಲೆಲ್ಲ ಒಂದು ತೆಗ್ಗು ಬಂದು ಬಾಯಿ ಮುಚ್ಚಿಸಿತು. ಎಲ್ಲ ನಿಂತ ಮೇಲೆ ಹೇಳಿದನಂತೆ. ಸಾಹೇಬರು ಸೊಂಟ ಹಿಡಿದುಕೊಂಡೇ, "ಇಪ್ಪತ್ತಾರು ವರ್ಷ ರಸ್ತೆ ನೋಡೀನಿ. ನನಗ ರಸ್ತೆ ತಿಳಿಯೂದಿಲ್ಲೇನು?" ಎಂದು ಪುಸ್ತಕ ತೆಗೆದರಂತೆ.

ಮೂರು ತಿಂಗಳಿಗೆ ಯಂತ್ರಗಳು ಬಂದು ಆ ಕನ್ನಡಿಯಂಥ ರಸ್ತೆಯನ್ನು ಅಗೆದು ಹಾಕಿದವು. ನಮ್ಮ ದಾರಿ ಊರು ದಾಟಿ ಮುಂದೆ ಮತ್ತೆ ಅದೇ ರಸ್ತೆಯನ್ನು ಕೂಡುತ್ತದೆ. ನಮ್ಮ ದಾರಿಯ ಬಗ್ಗೆ ಸಾಹೇಬರು ಬರೆದದ್ದನ್ನು ಕಚೇರಿಯಲ್ಲಿ ಯಾರೋ ತೆಗೆದು ನೋಡಿರಬೇಕು. ಕ್ರಾಸಿನಲ್ಲಿ ಒಂದು ಫಲಕ ನಿಂತಿತು: ಬದಲಿ ಮಾರ್ಗ, ಬೆಣಚಿನಮಟ್ಟಿ ಮೂಲಕ.

ಊರು ಹುಟ್ಟಿದ ಮೇಲೆ ಮೊದಲ ಬಸ್ಸು ಬಂತು, ಹುಣಸಿಮರದ ತೆಗ್ಗಿನ ತನಕ. ಅದರ ಹಿಂದೆ ಎರಡು ಲಾರಿ, ಆಮೇಲೆ ಹಾಲಿನ ವ್ಯಾನು, ಒಂದು ಮದುವೆಯ ದಿಬ್ಬಣ. ಮುಂದೆ ಹೋಗುವಂತಿಲ್ಲ, ಹಿಂದೆ ಸರಿಯುವಂತಿಲ್ಲ. ಕಾಳವ್ವ ಒಂದು ಕೈಯಲ್ಲಿ ನೀರಿನ ಕೊಡ, ಇನ್ನೊಂದರಲ್ಲಿ ಹದಿನೈದನೆಯ ಅರ್ಜಿ ಹಿಡಿದು ಹೋದಳು. ನೀರು ಕುಡಿದವರೆಲ್ಲ ಸಹಿ ಹಾಕಿದರು, ಮದುಮಗನೂ ಹಾಕಿದ. ಬಸ್ಸಿನ ಡ್ರೈವರ್ ಸಹಿ ಹಾಕುತ್ತ ಹಲ್ಲು ಕಡಿದು ಕೇಳಿದ: "ಈ ದಾರಿ ಚಲೋ ಐತಿ ಅಂತ ಬರದ ಪುಣ್ಯಾತ್ಮ ಯಾರು ಬೇ ಯವ್ವಾ?"

"ಸುಮ್ಮ ಬರದಿಲ್ರೀ ಅವರು," ಎಂದಳು ಕಾಳವ್ವ. "ಎಂಟು ರೊಟ್ಟಿ ಉಣಿಸಿ ಬರಸೇವಿ."