ಮುದ್ರಣಾಲಯದ ಏಕೈಕ ಅನಕ್ಷರಸ್ಥೆ

ಸರಕಾರಿ ಮುದ್ರಣಾಲಯದ ಕರಡಚ್ಚು ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಅಕ್ಷರಕ್ಕಕ್ಷರ ಓದಿ ತಪ್ಪು ತಿದ್ದುತ್ತ ಬಂದಿರುವ ಹಿರಿಯ ಉದ್ಯೋಗಿ ಅನಕ್ಷರಸ್ಥೆ ಎಂಬುದು ಆ ತಿಂಗಳ ಒಂಬತ್ತನೇ ತಾರೀಖು, ಬೆಳಗ್ಗೆ ಹನ್ನೊಂದೂಕಾಲು ಗಂಟೆಗೆ ಅಧಿಕೃತವಾಗಿ ದೃಢಪಟ್ಟಿತು.

ಇದರಲ್ಲಿ ಯಾರದೂ ತಪ್ಪಿರಲಿಲ್ಲ. ಕಾಲಕ್ಕೆ ತಕ್ಕ ಕೋಲ ಎಂಬಂತೆ ಇಲಾಖೆ ಸಾಕ್ಷರತೆಯ ವ್ಯಾಖ್ಯೆಯನ್ನು ಪರಿಷ್ಕರಿಸಿತ್ತು. ‘ತೆರೆಯ ಮೇಲೆ ಮೂಡಿದ ಪಠ್ಯವನ್ನು ಬುಡದವರೆಗೆ ಸರಿಸಿ, ಓದಿದ್ದೇನೆ ಒಪ್ಪಿದ್ದೇನೆ ಎಂಬ ಗುಂಡಿಯನ್ನು ಹತ್ತು ಸೆಕೆಂಡಿನೊಳಗೆ ಒತ್ತಬಲ್ಲವರು ಸಾಕ್ಷರರು. ಹೆಚ್ಚು ಹೊತ್ತು ಹಿಡಿಯುವವರನ್ನು ಓದಲು ಬಾರದವರೆಂದು ಪರಿಗಣಿಸತಕ್ಕದ್ದು. ತಿಂಗಳ ಕೊನೆಗೂ ಅನಕ್ಷರಸ್ಥರಾಗಿ ಉಳಿದವರನ್ನು ಹುದ್ದೆಯಿಂದ ತೆಗೆಯತಕ್ಕದ್ದು.’ ಸುತ್ತೋಲೆಯ ತರ್ಕದಲ್ಲಿ ಲೋಪ ಹುಡುಕುವಂತಿರಲಿಲ್ಲ. ಓದಲು ಬರುವವರಿಗೆ ಓದುವುದಕ್ಕೆ ಅಷ್ಟು ಹೊತ್ತು ಯಾಕೆ ಬೇಕು?

ಪರೀಕ್ಷೆ ವ್ಯವಸ್ಥಾಪಕರ ಕೋಣೆಯಲ್ಲಿ, ಮೇಜಿನ ಮೇಲೆ ಮಲಗಿಸಿಟ್ಟ ಟ್ಯಾಬಿನಲ್ಲಿ ನಡೆಯಿತು. ವ್ಯವಸ್ಥಾಪಕರು ನಾಲ್ಕು ಸೆಕೆಂಡು ತೆಗೆದುಕೊಂಡರು. ಬೈಂಡಿಂಗ್ ವಿಭಾಗದ ಹೆಂಗಸು ಅಂಟು ಮೆತ್ತಿದ ಬೆರಳಲ್ಲೇ ಮೂರರಲ್ಲಿ ಮುಗಿಸಿದಳು. ಇವತ್ತಿಗೂ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವ ಜವಾನಯ್ಯ ಒಂದೂವರೆ ಸೆಕೆಂಡಿನಲ್ಲಿ ಪಾಸಾಗಿ ಇಡೀ ಮುದ್ರಣಾಲಯಕ್ಕೆ ಮೊದಲಿಗನಾದ.

“ಎಲ್ಲ ಅಭ್ಯಾಸಬಲ ಸ್ವಾಮಿ,” ಎಂದು ಹೆಬ್ಬೆಟ್ಟನ್ನು ಕಣ್ಣಿಗೊತ್ತಿಕೊಂಡ.

ಆಮೇಲೆ ಕರಡಕ್ಕನ ಸರದಿ. ಕರಡಕ್ಕ ಎಂಬುದು ಕರಡು ತಿದ್ದುವ ಆ ಹಿರಿಯಳಿಗೆ ಕಚೇರಿ ಇಟ್ಟ ಹೆಸರು. ಆಕೆ ಕನ್ನಡಕ ಒರೆಸಿ ಹಾಕಿಕೊಂಡು, ಚೀಲದಿಂದ ಉಕ್ಕಿನ ಸ್ಕೇಲು ತೆಗೆದು, ತೆರೆಯ ಮೊದಲ ಸಾಲಿನ ಕೆಳಗಿಟ್ಟು ಶುರುಮಾಡಿದಳು. ಸಾಲು ತಪ್ಪಬಾರದಲ್ಲ! ಇಪ್ಪತ್ತು ನಿಮಿಷ ಕಳೆಯಿತು. ನಲವತ್ತು ಕಳೆಯಿತು. ಬಳಕೆದಾರರು ಬದುಕಿದ್ದಾರೆಯೇ ಎಂದು ಯಂತ್ರ ಎರಡು ಸಲ ಕೇಳಿತು.

“ಮೇಡಮ್, ಏನ್ಮಾಡ್ತಿದ್ದೀರಿ?” ಎಂದರು ವ್ಯವಸ್ಥಾಪಕರು.

“ಓದ್ತಿದ್ದೀನಿ ಸರ್.”

“ಪರೀಕ್ಷೆ ನಡೀತಿರೋವಾಗ ಓದ್ತಾ ಕೂತ್ರೆ ಹೇಗ್ರೀ!”

“ಸರ್, ಈ ನಲವತ್ತೊಂದನೇ ಷರತ್ತು ನೋಡಿ. ಗುಂಡಿ ಒತ್ತಿದೋರು ಮುಂದಿನ ತಿಂಗಳ ಒಂದನೇ ತಾರೀಖಿಂದ ತಮ್ಮ ಹುದ್ದೇನ ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟ ಹಾಗೆ ಅಂತಿದೆ. ನೀವೆಲ್ಲ ಒತ್ತಿಬಿಟ್ಟಿದ್ದೀರಿ.”



“ಅಂಥದ್ದೆಲ್ಲ ಎಲ್ಲದರಲ್ಲೂ ಬರೆದಿರ್ತಾರೆ ಬಿಡಕ್ಕ,” ಎಂದಳು ಬೈಂಡಿಂಗಿನವಳು.

ವ್ಯವಸ್ಥಾಪಕರು ನಿಯಮ ಬಲ್ಲವರು. “ಅನಕ್ಷರಸ್ಥರು ಓದಿದ್ದನ್ನ ನಾವು ದಾಖಲೆಗೆ ತಗೊಳ್ಳೋಕೆ ಬರಲ್ಲ ಮೇಡಮ್,” ಎಂದು ಫಲಿತಾಂಶಕ್ಕೆ ಸಹಿ ಹಾಕಿದರು.

ಕರಡಕ್ಕನನ್ನು ಸಾಕ್ಷರಳನ್ನಾಗಿಸುವ ಹೊಣೆ, ಅರ್ಹತೆಯ ಆಧಾರದ ಮೇಲೆ, ಜವಾನಯ್ಯನಿಗೆ ಬಿತ್ತು. ದಿನಾ ಊಟದ ಬಿಡುವಿನಲ್ಲಿ, ಕಾಗದದ ಉಗ್ರಾಣದಲ್ಲಿ ಪಾಠ.

“ಕಣ್ಣು ಅಕ್ಷರದ ಮೇಲೆ ಬಿತ್ತೋ, ಕೆಟ್ಟಿರಿ. ಕಿಟಕಿ ಕಡೆ ನೋಡ್ಕೊಂಡು ಒತ್ತಿ.”

“ಏನಕ್ಕೆ ಒಪ್ತಿದ್ದೀನಿ ಅಂತ ಗೊತ್ತಾಗಬೇಡವಾ?”

“ನೋಡಿ, ಮತ್ತೆ ಶುರು! ಇಷ್ಟು ವಯಸ್ಸಾಗಿದೆ, ಓದೋ ಬುದ್ಧಿ ಇನ್ನೂ ಹೋಗಿಲ್ವಲ್ಲ ಅಕ್ಕಾ.”

ಎರಡು ವಾರವಾದರೂ ಗುಣ ಕಾಣಲಿಲ್ಲ. ಜವಾನಯ್ಯ ಪ್ರಗತಿ ವರದಿಯನ್ನು ಬೇರೆಯವರ ಕೈಲಿ ಬರೆಸಿದ: ‘ವಿದ್ಯಾರ್ಥಿನಿ ಒಳ್ಳೆಯವರು. ಆದರೆ ಓದುವ ಚಟವಿದೆ.’

ಮನೆಯಲ್ಲಿ ಶಾಲಾ ಮಾಸ್ತರನಾದ ಗಂಡ ತಟ್ಟೆಯ ಮುಂದೆ ಕೂತು ತಲೆ ಚಚ್ಚಿಕೊಂಡ. “ನಾಲ್ಕು ಜನಕ್ಕೆ ಗೊತ್ತಾದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ? ಓದಿದ್ದು ಸಾಕು, ಪಾಸಾಗು ಮಾರಾಯ್ತಿ. ನಾನು ಮಕ್ಕಳಿಗೆ ಇಷ್ಟು ವರ್ಷದಿಂದ ಹೇಳ್ತಿರೋದೇ ಇದನ್ನ.”

ತಿಂಗಳ ಕೊನೆಯ ದಿನ ಇಲಾಖೆಯ ಅಧಿಕಾರಿ ಫೋಟೋದವನೊಂದಿಗೆ ಬಂದಿಳಿದರು. ‘ಶೇಕಡಾ ನೂರು ಸಾಕ್ಷರ ಮುದ್ರಣಾಲಯ’ ಎಂಬ ಬ್ಯಾನರು ಮೊದಲೇ ತಯಾರಾಗಿ ಬಾಗಿಲ ಮೇಲೆ ತೂಗುತ್ತಿತ್ತು. ಕೊರತೆಯೆಂದರೆ ಕರಡಕ್ಕ ಒಬ್ಬಳೇ. “ನಿಮ್ಮೊಬ್ಬರಿಂದ ನಮ್ಮೆಲ್ಲರ ಮಾನ ಹೋಗ್ತಿದೆ ಅಕ್ಕಾ,” ಎಂದು ಬೈಂಡಿಂಗಿನವಳು ಕಣ್ಣೀರಿಟ್ಟಳು.

ಕರಡಕ್ಕ ಟ್ಯಾಬಿನ ಮುಂದೆ ಕೂತು, ಅಧಿಕಾರಿಗೆ ಮಾತ್ರ ಕೇಳುವಂತೆ ಕೇಳಿದಳು: “ಸರ್, ಒತ್ತಿದ್ರೆ ಕೆಲಸ ಹೋಗುತ್ತೆ. ಒತ್ತದಿದ್ರೂ ಹೋಗುತ್ತೆ. ವ್ಯತ್ಯಾಸ ಏನು?”

ಅವರೂ ದನಿ ತಗ್ಗಿಸಿದರು. “ಒತ್ತಿದ್ರೆ ಸಾಕ್ಷರರಾಗಿ ಮನೆಗೆ ಹೋಗ್ತೀರಿ. ಸರ್ಟಿಫಿಕೇಟ್ ಇರುತ್ತೆ.”

ಕರಡಕ್ಕ ಯೋಚಿಸಿದಳು. ಇಪ್ಪತ್ತಾರು ವರ್ಷ ರಾಜ್ಯದ ಕಾಯಿದೆಗಳನ್ನೆಲ್ಲ ಓದಿ, ಒಂದಕ್ಷರ ಬಾರದವಳೆಂದು ಮೊಹರು ಹಾಕಿಸಿಕೊಂಡು ಮೆಟ್ಟಿಲಿಳಿಯುವುದನ್ನು ನೆನೆದಳು. ಕೆಲಸ ಹೋದರೆ ಹೋಗಲಿ, ಆ ಹೆಸರು ಮಾತ್ರ ಆಕೆಯಿಂದ ಹೊರಲಾಗದು. ಕನ್ನಡಕ ತೆಗೆದಿಟ್ಟು, ಕಿಟಕಿ ಕಡೆ ನೋಡುತ್ತ ಒತ್ತಿದಳು.

ಒಂದೂಕಾಲು ಸೆಕೆಂಡು.

“ನನ್ನ ಶಿಷ್ಯೆ!” ಎಂದು ಜವಾನಯ್ಯ ಮತ್ತೊಮ್ಮೆ ಹೆಬ್ಬೆಟ್ಟನ್ನು ಕಣ್ಣಿಗೊತ್ತಿಕೊಂಡ. ಚಪ್ಪಾಳೆ ಬಿತ್ತು, ಫೋಟೋ ಆಯಿತು.

ಮರುದಿನ ನೌಕರರೆಲ್ಲ ಎಂದಿನಂತೆ ಹತ್ತಕ್ಕೆ ಬಂದರು. ಬಾಗಿಲಿಗೆ ಬೀಗವಿತ್ತು. ಬೀಗದ ಮೇಲೊಂದು ನೋಟೀಸು, ಪಕ್ಕದಲ್ಲಿ ‘ನೋಟೀಸನ್ನು ಓದಿದ್ದೇವೆ’ ಎಂದು ಸಹಿ ಹಾಕಲು ಹಾಳೆ. ಸಾಲಾಗಿ ನಿಂತು ಎಲ್ಲರೂ ಸಹಿ ಹಾಕಿದರು, ಜವಾನಯ್ಯ ಹೆಬ್ಬೆಟ್ಟು ಒತ್ತಿದ. ಬೀಗ ತೆಗೆಯುವವರು ಬರಲೆಂದು ಮೆಟ್ಟಿಲ ಮೇಲೆ ಕೂತರು. ಖಾನೆಯಲ್ಲಿ ಉಳಿದಿದ್ದ ತನ್ನ ಕೆಂಪು ಪೆನ್ನುಗಳನ್ನು ಒಯ್ಯಲು ಬಂದ ಕರಡಕ್ಕನೂ ಸಾಲಿನ ಕೊನೆಗೆ ನಿಂತು ಸಹಿ ಹಾಕಿದಳು.

“ಏನಂತೆ ಅಕ್ಕಾ, ಏನು ಬರೆದಿದ್ದಾರೆ?” ಎಂದು ಬೈಂಡಿಂಗಿನವಳು ಕೇಳಿದಳು.

“ಯಾರಿಗ್ಗೊತ್ತು! ಓದಿದ್ದೀನಿ ಅಂತ ಸಹಿ ಹಾಕಿದ್ದೀನಲ್ಲ.”

ಉತ್ತರ ಎಲ್ಲರಿಗೂ ಸಮರ್ಪಕವೆನಿಸಿತು. ವ್ಯವಸ್ಥಾಪಕರು ಒಂದಿಷ್ಟು ಸರಿದು ಆಕೆಗೆ ಜಾಗ ಮಾಡಿಕೊಟ್ಟರು.