ಕತ್ತರಿಯಣ್ಣನ ಬಲಗೈ

ಕತ್ತರಿ ಬಿದ್ದದ್ದು ಮೇಷ್ಟ್ರ ತೊಡೆಯ ಮೇಲೆ. ಪುಣ್ಯಕ್ಕೆ ಅಡ್ಡಡ್ಡಲಾಗಿ ಬಿತ್ತು. ಆದರೂ ನಿವೃತ್ತ ಗಣಿತದ ಮೇಷ್ಟ್ರು ಎದ್ದು ನಿಂತ ರಭಸಕ್ಕೆ ಕುತ್ತಿಗೆಗೆ ಕಟ್ಟಿದ್ದ ಬಿಳಿ ಬಟ್ಟೆ ಜಾರಿ, ಅಷ್ಟು ಹೊತ್ತು ಉದುರಿದ್ದ ಕೂದಲೆಲ್ಲ ಬೆಂಚಿನಲ್ಲಿ ಕೂತವರ ಚಹಾದ ಲೋಟಗಳಿಗೆ ಬಿತ್ತು.

ಕಟಿಂಗ್ ಅಂಗಡಿಯ ಕತ್ತರಿಯಣ್ಣನಿಗೆ ಅದು ಆ ವಾರದ ಮೂರನೇ ಸಲ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ತಿಂಗಳುಗಳಿಂದ ಜೋಮು ಹಿಡಿಯುತ್ತಿದ್ದವು. ಕೈ ಕೊಡವಿದರೆ ಸ್ವಲ್ಪ ಹೊತ್ತು ಸರಿಹೋಗುತ್ತಿತ್ತು. ಅವನು ಹಾಗೆ ಕೈ ಕೊಡವುವುದನ್ನು ಕಂಡು ದಾರಿಹೋಕರು ತಮ್ಮನ್ನೇ ಕರೆಯುತ್ತಿದ್ದಾನೆಂದು ಒಳಗೆ ಬಂದು, ಸುಮ್ಮನೆ ಹೋಗಲಾರದೆ ಗಡ್ಡ ಮಾಡಿಸಿಕೊಂಡು ಹೋದದ್ದೂ ಉಂಟು.

ಡಾಕ್ಟರು ಮಣಿಕಟ್ಟನ್ನು ಒತ್ತಿ, ತಟ್ಟಿ, ವೈರುಗಳನ್ನು ಅಂಟಿಸಿ ಪರೀಕ್ಷೆ ಮಾಡಿ ಹೇಳಿದ್ದರು: "ಇದಕ್ಕೆ ಕಾರ್ಪಲ್ ಟನಲ್ ಅಂತಾರೆ. ಮಣಿಕಟ್ಟಿನೊಳಗೆ ಒಂದು ಸಣ್ಣ ಓಣಿ. ಅದರಲ್ಲಿ ನರ ಸಿಕ್ಕಿಹಾಕ್ಕೊಂಡಿದೆ. ಮೇಲಿನ ಪಟ್ಟಿ ಕತ್ತರಿಸಿದ್ರೆ ನರಕ್ಕೆ ಜಾಗ ಸಿಗುತ್ತೆ. ಇಪ್ಪತ್ತು ನಿಮಿಷದ ಕೆಲಸ. ಆಮೇಲೆ ಆರು ವಾರ ಕತ್ತರಿ ಮುಟ್ಟಬಾರದು."

ಇಪ್ಪತ್ತೆರಡು ವರ್ಷ ಊರಿನವರದ್ದೆಲ್ಲ ಕತ್ತರಿಸಿದವನಿಗೆ ಕತ್ತರಿಸಿಕೊಳ್ಳುವ ಭಯವೇನೋ ಇತ್ತು. ಆದರೆ ಅದಕ್ಕಿಂತ ದೊಡ್ಡ ಭಯ ರಸ್ತೆಯ ಆಚೆ ಇತ್ತು. ಎದುರಿಗೇ ಗಾಜಿನ ಬಾಗಿಲು, ತಣ್ಣನೆ ಗಾಳಿ, ತಲೆ ತೊಳೆಯಲು ಬೇರೆ ಕುರ್ಚಿ ಇರುವ ಹೊಸ ಸಲೂನು ಶುರುವಾಗಿತ್ತು. ಆರು ವಾರ ಅಂಗಡಿ ಮುಚ್ಚಿದರೆ ಬೆಂಚಿನಲ್ಲಿ ದಿನವೂ ಕೂರುವ ಏಳು ಜನ ಖಾಯಂ ಗಿರಾಕಿಗಳು ರಸ್ತೆ ದಾಟದೆ ಇರುತ್ತಾರೆಯೇ?

ಬೆಂಚಿನವರಂತೂ ಒಬ್ಬೊಬ್ಬರು ಒಂದೊಂದು ಹೇಳಿದರು.

"ಬಿಸಿನೀರಲ್ಲಿ ಅದ್ದು. ನಾನು ದಿನಾ ಹಿಟ್ಟು ನಾದಲ್ವಾ? ನನಗೆ ಏನಾಗಿದೆ?" ಎಂದ ಬೇಕರಿಯವನು.

"ಮಾಡಿಸ್ಕೊ ಅಣ್ಣ," ಎಂದ ಪೋಸ್ಟ್‌ಮ್ಯಾನ್. "ನಮ್ಮ ಚಿಕ್ಕಮ್ಮಂಗೆ ಮಾಡಿದ್ರು. ಈಗ ಉಪ್ಪಿನ ಡಬ್ಬಿ ಮುಚ್ಚಳ ಎಷ್ಟು ಬಿಗಿಯಾಗಿ ಹಾಕ್ತಾರೆ ಅಂದ್ರೆ, ಚಿಕ್ಕಪ್ಪ ಆಮೇಲೆ ಉಪ್ಪೇ ತಿಂದಿಲ್ಲ."

ಮೇಷ್ಟ್ರು ಬಿಳಿ ಬಟ್ಟೆ ಸರಿಮಾಡಿಕೊಂಡು ಮತ್ತೆ ಕುರ್ಚಿಯಲ್ಲಿ ಕೂತರು. ಕತ್ತರಿಯಣ್ಣ ರೇಜರ್ ಎತ್ತಿಕೊಂಡಾಗ ಅವರು ಮೆಲ್ಲಗೆ, "ಕುತ್ತಿಗೆ ಹತ್ರ ಇವತ್ತು ಬೇಡ ಕಣಯ್ಯಾ, ಹಾಗೇ ಇರ್ಲಿ," ಎಂದರು. ಅಷ್ಟೇ. ಅವರು ಸಿಟ್ಟಾಗಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. ಮಾರನೆಯ ದಿನವೇ ಹೋಗಿ ಆಪರೇಷನ್ನಿಗೆ ಹೆಸರು ಬರೆಸಿ ಬಂದ.

ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದರು, ಆರು ವಾರ ಕಳೆಯಿತು. ಆ ಆರು ವಾರ ಹೆಂಡತಿ ಅವನನ್ನು ಮನೆಯಿಂದ ಹೊರಗೇ ಬಿಡಲಿಲ್ಲ. ಅಂಗಡಿ ತೆರೆಯುವ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ಎಚ್ಚರಿಸಿದಳು:

"ರೀ, ಮೊದಲನೇ ದಿನ ಎರಡೇ ತಲೆ ಅಂದಿದ್ದಾರೆ ಡಾಕ್ಟ್ರು. ಮೂರನೇ ತಲೆಗೆ ಕೈ ಹಾಕಿದ್ರೆ ನಿಮ್ಮ ತಲೆ ಉಳಿಯಲ್ಲ."

ಅವನ ತಲೆಯೂ ನೋಡುವಂತಿರಲಿಲ್ಲ. ಎರಡು ಕನ್ನಡಿ ಇಟ್ಟುಕೊಂಡು ತನ್ನ ಕೂದಲು ತಾನೇ ಕತ್ತರಿಸಿಕೊಳ್ಳುತ್ತಿದ್ದವನಿಗೆ ಈ ಆರು ವಾರ ಅದೂ ಆಗಿರಲಿಲ್ಲ.

ಅಂಗಡಿ ಗುಡಿಸಿ, ಕನ್ನಡಿ ಒರೆಸಿ, ಕತ್ತರಿ ಹಿಡಿದು ಗಾಳಿಯಲ್ಲಿ ಕಚಕಚ ಆಡಿಸಿ ನೋಡಿದ. ಜೋಮಿಲ್ಲ, ನೋವಿಲ್ಲ. ಬೆರಳುಗಳು ಮದುವೆಗೆ ಹೊರಟ ಹುಡುಗಿಯರ ಹಾಗೆ ಕುಣಿಯುತ್ತಿದ್ದವು. ಖುಷಿಯಿಂದ ಬಾಗಿಲ ಕಡೆ ನೋಡುತ್ತಾ ಕೂತ. ಒಂಬತ್ತಾಯಿತು, ಹತ್ತಾಯಿತು. ಬೆಂಚು ಖಾಲಿ.

ಹತ್ತೂವರೆಗೆ ಪೋಸ್ಟ್‌ಮ್ಯಾನ್ ಬಂದ. ಬೈಕು ನಿಲ್ಲಿಸಿದ, ಇಳಿದ, ಕಾಗದ ಕೊಟ್ಟ. ಹೆಲ್ಮೆಟ್ಟು ಮಾತ್ರ ತೆಗೆಯಲಿಲ್ಲ.

"ಕೂತ್ಕೊಳೋ. ಕೈ ವಾಸಿ ಆಯ್ತು."

"ಒಳ್ಳೇದಾಯ್ತು ಅಣ್ಣ. ಟೈಮಿಲ್ಲ ಅಣ್ಣ," ಎಂದು ಹೆಲ್ಮೆಟ್ಟಿನೊಳಗಿಂದಲೇ ಗೊಣಗಿ ಓಡಿದ.

ಮೇಷ್ಟ್ರು ಬಂದರು. ಸುಡುಬಿಸಿಲಿನಲ್ಲಿ ತಲೆಗೆ, ಕಿವಿಗೆ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದರು. ಇವನನ್ನು ಕಂಡದ್ದೇ ರಸ್ತೆಯ ಆ ಬದಿಗೆ ಸರಿದು ತರಾತುರಿಯಲ್ಲಿ ಹೋಗಿಬಿಟ್ಟರು.

ಕತ್ತರಿಯಣ್ಣ ಎದ್ದು ಬಾಗಿಲಿಗೆ ಬಂದ. ತಲೆ ಯಾಕೆ ಮುಚ್ಚಿಕೊಂಡಿದ್ದಾರೆ? ಮುಚ್ಚಿಕೊಳ್ಳಬೇಕಾದದ್ದು ಇದೆ, ಅದಕ್ಕೆ! ಎದುರಿನ ಗಾಜಿನ ಬಾಗಿಲಿನವನ ಹತ್ತಿರ ಕಟಿಂಗ್ ಮಾಡಿಸಿಕೊಂಡು, ಈಗ ಮುಖ ತೋರಿಸಲಾಗದೆ ತಪ್ಪಿಸಿಕೊಳ್ಳುತ್ತಿದ್ದಾರೆ.

ಅನುಮಾನ ಬಂದಮೇಲೆ ಸುಮ್ಮನೆ ಕೂರುವುದಾದರೂ ಹೇಗೆ? ಬೇಕರಿಗೆ ಹೋದ. ಒಳಗೆ ಒಲೆ ಧಗಧಗ ಉರಿಯುತ್ತಿತ್ತು. ಅದರ ಪಕ್ಕದಲ್ಲೇ ಬೇಕರಿಯವನು ಕಿವಿ ಮುಚ್ಚುವಷ್ಟು ಉಣ್ಣೆ ಟೋಪಿ ಎಳೆದುಕೊಂಡು, ಬೆವರು ಸುರಿಸುತ್ತಾ ಹಿಟ್ಟು ನಾದುತ್ತಿದ್ದ.

"ಏನಯ್ಯಾ, ಚಳೀನಾ?"

"ಸ್ವಲ್ಪ... ಶೀತ ಅಣ್ಣ."

ಶೀತವಂತೆ! ಅವನು ಹಿಟ್ಟಿನ ಕಡೆ ತಿರುಗಿದ್ದೇ ತಡ, ಕತ್ತರಿಯಣ್ಣ ಹೊಸ ಬಲಗೈ ಚಾಚಿ ಹಿಂದಿನಿಂದ ಟೋಪಿಯ ತುದಿ ಹಿಡಿದ. ಬೇಕರಿಯವನು ಬೆಚ್ಚಿಬಿದ್ದು ಮೊಣಕೈ ಬೀಸಿದ. ಮೈದಾಹಿಟ್ಟಿನ ತಟ್ಟೆ ಹಾರಿತು. ಟೋಪಿ ಅಲ್ಲೇ ಉಳಿಯಿತು; ಕತ್ತರಿಯಣ್ಣ ಮಾತ್ರ ತಲೆಯಿಂದ ಸೊಂಟದವರೆಗೆ ಬೆಳ್ಳಗಾದ.

"ಬುದ್ಧಿ ಇದೆಯಾ ನಿಮಗೆ?" ಎಂದು ಬೇಕರಿಯವನ ಹೆಂಡತಿ ಪೊರಕೆ ಹಿಡಿದು ಬಂದಳು. ಅದು ನೆಲ ಗುಡಿಸುವುದಕ್ಕೋ ತನಗೋ ಎಂದು ಕೇಳುತ್ತಾ ನಿಲ್ಲದೆ ಅವನು ರಸ್ತೆಗೆ ಬಂದ.

"ಅಯ್ಯೋ ಅಣ್ಣ, ಇದೇನು?" ಗಾಜಿನ ಬಾಗಿಲು ತೆರೆದು ಹೊಸ ಸಲೂನಿನವನು ಹೊರಗೆ ಬಂದಿದ್ದ. "ಬನ್ನಿ, ತಲೆ ತೊಳೆದು ಕೊಡ್ತೀನಿ. ಹಿಟ್ಟು ಒಣಗಿದ್ರೆ ಅಂಟ್ಕೊಳುತ್ತೆ."

ಬೇಡವೆನ್ನಬೇಕು ಅನ್ನುವಷ್ಟರಲ್ಲಿ ಕತ್ತರಿಯಣ್ಣನಿಗೆ ಹೊಳೆಯಿತು: ಒಳಗೆ ಹೋದರೆ ಸಾಕ್ಷಿ ಸಿಗುತ್ತದೆ! ಹೋದ. ಪತ್ತೇದಾರನಂತೆ ನೆಲವನ್ನೆಲ್ಲ ಹುಡುಕಿದ. ಮೇಷ್ಟ್ರ ಬಿಳಿಗೂದಲಿಲ್ಲ, ಪೋಸ್ಟ್‌ಮ್ಯಾನನ ಗುಂಗುರು ಇಲ್ಲ. ಗುಡಿಸಿಬಿಟ್ಟಿದ್ದಾನೆ, ಜಾಣ.

ಅಷ್ಟರಲ್ಲಿ ಕುರ್ಚಿ ಹಿಂದಕ್ಕೆ ವಾಲಿತು. ಬೆಚ್ಚಗಿನ ನೀರು ಬಿತ್ತು. ಹತ್ತು ಬೆರಳುಗಳು ನೆತ್ತಿಯ ಮೇಲೆ ಹಿತವಾಗಿ ಆಡತೊಡಗಿದವು. ಇಪ್ಪತ್ತೆರಡು ವರ್ಷದಲ್ಲಿ ಅವನ ತಲೆಯನ್ನು ಇನ್ನೊಬ್ಬರು ಮುಟ್ಟಿದ್ದೇ ಇಲ್ಲ. ತಣ್ಣನೆ ಗಾಳಿ ಬೇರೆ. ಕಣ್ಣು ಎಳೆಯಿತು.

ಕಣ್ಣು ಬಿಟ್ಟಾಗ ಕೆಲಸ ಮುಗಿದಿತ್ತು.

"ತೊಳೆದ ಮೇಲೆ ನೋಡೋಕೆ ಆಗ್ಲಿಲ್ಲ ಅಣ್ಣ, ತುಂಬಾ ಬೆಳೆದಿತ್ತು. ಹಾಗೇ ಸ್ವಲ್ಪ ಕತ್ತರಿಸಿಬಿಟ್ಟೆ. ನಿಮ್ಮ ಹತ್ರ ದುಡ್ಡು ತಗೋತೀನಾ?"

ಕತ್ತರಿಯಣ್ಣ ಕನ್ನಡಿಯಲ್ಲಿ ಕಿವಿಯ ಹಿಂದೆ, ಕುತ್ತಿಗೆಯ ಅಂಚಿನಲ್ಲಿ, ನೆತ್ತಿಯ ಸುಳಿಯಲ್ಲಿ ತಪ್ಪು ಹುಡುಕಿದ. ಒಂದೂ ಸಿಗಲಿಲ್ಲ. ಅದೇ ಅವನಿಗೆ ಹೊಟ್ಟೆಯುರಿ.

ಕಳ್ಳನಂತೆ ರಸ್ತೆ ದಾಟಿ ತನ್ನ ಅಂಗಡಿಗೆ ಬಂದರೆ, ಬೆಂಚಿನ ತುಂಬ ಜನ. ಏಳಕ್ಕೆ ಏಳೂ ಜನ. ಮೇಷ್ಟ್ರು ಎದ್ದು ನಿಂತು, "ಒಂದು, ಎರಡು, ಮೂರು!" ಎಂದರು. ಹೆಲ್ಮೆಟ್ಟು, ಮಫ್ಲರ್, ಟೋಪಿಗಳೆಲ್ಲ ಒಟ್ಟಿಗೆ ಕೆಳಗಿಳಿದವು.

ಒಳಗೆ ಏಳು ಕಾಡುಗಳು! ಮೇಷ್ಟ್ರ ಕೂದಲು ಕಾಲರಿನ ಮೇಲೆ ಬಿದ್ದಿತ್ತು. ಪೋಸ್ಟ್‌ಮ್ಯಾನನ ಗುಂಗುರು ಹೆಲ್ಮೆಟ್ಟಿನಿಂದ ಹೊರಬಂದದ್ದೇ ಹೂಕೋಸಿನ ಹಾಗೆ ಅರಳಿತು.

"ನಿನ್ನ ಆಪರೇಷನ್ ದಿನದಿಂದ ಒಬ್ರೂ ಕತ್ತರಿ ಮುಟ್ಟಿಸಿಲ್ಲ," ಎಂದರು ಮೇಷ್ಟ್ರು. "ನಿನಗೆ ಗೊತ್ತಾಗದ ಹಾಗೆ ಮಧ್ಯಾಹ್ನ ಎಲ್ರೂ ಒಟ್ಟಿಗೆ ಬರೋಣ ಅಂತ ಮಾತಾಡ್ಕೊಂಡಿದ್ವಿ."

"ಒಲೆ ಮುಂದೆ ಉಣ್ಣೆ ಟೋಪಿ ಹಾಕ್ಕೊಂಡು ನಾನು ಬೆಂದು ಹೋಗಿದ್ದೀನಿ ಅಣ್ಣ," ಎಂದ ಬೇಕರಿಯವನು.

ಕತ್ತರಿಯಣ್ಣನಿಗೆ ಇಂಥವರನ್ನು ಅನುಮಾನಿಸಿದೆನಲ್ಲ ಎಂದು ನಾಚಿಕೆಯಾಗಿ ತಲೆ ತಗ್ಗಿಸಿದ. ತಗ್ಗಿಸಬಾರದಿತ್ತು. ಮೇಷ್ಟ್ರ ಕಣ್ಣು ಅವನ ಕುತ್ತಿಗೆಯ ಹಿಂಭಾಗಕ್ಕೆ ಬಿತ್ತು. ಅವರು ಅವನ ಸುತ್ತ ಒಂದು ಸುತ್ತು ಬಂದರು. ಮೂಸಿಯೂ ನೋಡಿದರು. ನಿಂಬೆಯ ಘಮ.

"ಯಾರು ಮಾಡಿದ್ದು?"

ಕತ್ತರಿಯಣ್ಣ ಎದುರಿನ ಗಾಜಿನ ಬಾಗಿಲು ತೋರಿಸಿದ.

ಯಾರೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಅವನು ಮಾತು ಬದಲಿಸಲು, "ಇವತ್ತು ಎರಡೇ ತಲೆ ಅಂದಿದ್ದಾರೆ ಡಾಕ್ಟ್ರು... ಯಾರು ಮೊದಲು ಕೂರ್ತೀರಿ?" ಎಂದ. ತಕ್ಷಣ ಏಳು ಜನರೂ ಕುರ್ಚಿಯ ಕಡೆ ನುಗ್ಗಿದರು. ನಾನು ಹಿರಿಯ, ನಾನು ಬೆಂದವನು, ನನಗೆ ಹೆಲ್ಮೆಟ್ಟು ಹಿಡಿಸುತ್ತಿಲ್ಲ ಎಂದು ಗಲಾಟೆಯೋ ಗಲಾಟೆ.

ಕೊನೆಗೆ ಮೇಷ್ಟ್ರೇ ಕೈಯೆತ್ತಿ ತೀರ್ಮಾನ ಮಾಡಿದರು. "ಇಬ್ಬರನ್ನ ಆರಿಸಿದ್ರೆ ಐವರಿಗೆ ಬೇಜಾರು. ಇವನ ಕೈಗೂ ಆಯಾಸ. ಇವನೇ ನಂಬಿ ತಲೆ ಕೊಟ್ಟಿದ್ದಾನೆ ಅಂದ್ಮೇಲೆ ಎದುರಿನವನು ಕೆಟ್ಟದಾಗಿ ಮಾಡೋನಲ್ಲ. ಎಲ್ರೂ ಅಲ್ಲಿಗೇ ಹೋಗೋಣ. ನೀನು ರೆಸ್ಟ್ ತಗೋ ಕಣಯ್ಯಾ."

ಅಕ್ಕರೆಯಿಂದ ಅವನ ಬೆನ್ನು ತಟ್ಟಿ, ಏಳು ಜನರೂ ಸಾಲಾಗಿ ರಸ್ತೆ ದಾಟಿದರು.

ಕತ್ತರಿಯಣ್ಣ ಖಾಲಿ ಬೆಂಚಿನ ಮೇಲೆ ಹದಿನೈದು ನಿಮಿಷ ಕೂತಿದ್ದಾನೋ ಇಲ್ಲವೋ, ಗಾಜಿನ ಬಾಗಿಲಿನವನು ಓಡಿ ಬಂದ.

"ಅಣ್ಣ, ಕಾಪಾಡಿ. ಏಳು ಜನ, ಒಬ್ಬೊಬ್ಬರದೂ ಎರಡು ತಿಂಗಳ ಬೆಳೆ. ನಾನೊಬ್ನೇ. ಸ್ವಲ್ಪ ಬಂದು ಕತ್ತರಿ ಹಿಡೀರಿ."

ಎರಡು ತಲೆಗೆ ಅಪ್ಪಣೆ ಇತ್ತಲ್ಲ, ಹೋದ. ರೆಸ್ಟ್ ತಗೋ ಅಂದವರ ಕಣ್ಣಿಗೆ ಬೀಳದ ಹಾಗೆ ಹಿಂದಿನ ಬಾಗಿಲಿನಿಂದ ಒಳಗೆ ಬಂದು ನೋಡಿದರೆ ಮೊದಲ ಕುರ್ಚಿಯಲ್ಲಿ ಮೇಷ್ಟ್ರು, ಕಣ್ಣಿನ ಮೇಲೆ ಬಿಸಿ ಟವೆಲ್ ಹಾಕಿಸಿಕೊಂಡು ಒರಗಿದ್ದರು. ಕತ್ತರಿಯಣ್ಣ ಸದ್ದಿಲ್ಲದೆ ಶುರುಮಾಡಿದ. ಆಹಾ, ಆ ಕೈ! ಕತ್ತರಿ ಬೆಣ್ಣೆಯಲ್ಲಿ ಆಡಿದ ಹಾಗೆ ಆಡಿತು. ಡಾಕ್ಟರಿಗೆ ಮನಸ್ಸಿನಲ್ಲೇ ಕೈಮುಗಿದು, ಸಂತೋಷದಿಂದ ಕುತ್ತಿಗೆಯ ಅಂಚನ್ನೂ ರೇಜರಿನಲ್ಲಿ ನವಿರಾಗಿ ತಿದ್ದಿ ಮುಗಿಸಿದ.

ಮೇಷ್ಟ್ರು ಟವೆಲ್ಲಿನಡಿಯಿಂದ ಸುಖವಾಗಿ ನಿಟ್ಟುಸಿರು ಬಿಟ್ಟರು.

"ಭೇಷ್ ತಮ್ಮಾ! ಎಂಥ ಹಗುರ ಕೈ ನಿಂದು. ಆ ಕತ್ತರಿಯಣ್ಣನಿಗೆ ಹೇಳ್ಬೇಡ, ಇನ್ನು ಮೇಲೆ ನಾನು ಇಲ್ಲಿಗೇ ಬರೋದು."