ಬೀಗರ ನಾಯಿಯ ಹೆಸರು

ನಾಯಿ ಕಳೆದುಹೋಗಲಿಲ್ಲ. ನಾನು ಕರೆಯಲಿಲ್ಲ, ಅದು ಬರಲಿಲ್ಲ. ನಡೆದದ್ದು ಇಷ್ಟೇ. ಇದನ್ನೇ ನಮ್ಮೂರಿನವರು ಚಿರತೆ ಅಟ್ಟಿಸಿಕೊಂಡು ಬಂತು, ಗುಡ್ಡದ ದೆವ್ವ ಅಡ್ಡ ನಿಂತಿತು, ಮುದುಕಿಗೆ ಬಿಸಿಲು ತಲೆಗೇರಿತು ಅಂತ ಮೂರು ಕತೆ ಮಾಡಿ ಹೇಳುತ್ತಾರೆ. ನಂಬಬೇಡಿ. ಮೂರನೇ ಕ್ಲಾಸಿನಲ್ಲಿ ಸ್ಲೇಟು ಒಡೆದುಕೊಂಡು ಮನೆಗೆ ಬಂದವಳು ನಾನು. ಕತೆ ಕಟ್ಟುವಷ್ಟು ವಿದ್ಯೆ ನನಗಿಲ್ಲ.

ನಾಯಿ ನಮ್ಮದಲ್ಲ, ಬೀಗರದು. ಅಂದರೆ ನಮ್ಮ ಕೊನೇ ಮಗಳು ಜಯಳ ಮಾವನವರದು. ಚಿಕ್ಕನಾಯಕನಹಳ್ಳಿ ಗುಡ್ಡದ ಈ ಕಡೆ, ತೆಂಗಿನ ತೋಟಗಳ ನಡುವೆ ನಮ್ಮೂರು. ಗುಡ್ಡ ಹತ್ತಿ ಆ ಕಡೆ ಇಳಿದರೆ ಅವರ ಊರು. ಮದುವೆಯಾದ ಮೊದಲ ಯುಗಾದಿಗೆ ಮಗಳು, ಅಳಿಯ ಗುಡ್ಡದ ದಾರಿಯಲ್ಲಿ ನಡೆದುಕೊಂಡೇ ಬಂದರು. ನಾಯಿ ಅವರ ಹಿಂದೆ ಬಂತು. ವಾಪಸ್ಸು ಹೋಗುವಾಗ ಬಸ್ಸಿಗೆ ನಿಂತರು. ಕಂಡಕ್ಟರು ನಾಯಿ ಹತ್ತಿಸಲಿಲ್ಲ.

"ಅರ್ಧ ಟಿಕೀಟು ಹರಿಯಪ್ಪ, ಮಗೂ ಥರ ಕೂತ್ಕಂತೈತೆ" ಅಂದೆ ನಾನು.

"ನಿನ್ ತೊಡೆ ಮೇಲೆ ಕೂರುಸ್ಕಂಡು ನಿನ್ ಮನೇಲೇ ಇಟ್ಕ ಹೋಗಜ್ಜಿ" ಅಂದು ಸೀಟಿ ಊದಿದ.

ಹಾಗಾಗಿ ನಾಯಿ ನಮ್ಮಲ್ಲೇ ಉಳಿಯಿತು. ಹತ್ತು ದಿನಕ್ಕೆ ಬೀಗರ ಕಾರ್ಡು ಬಂತು. "ಸೊಸೆ ಕ್ಷೇಮವಾಗಿ ಬಂದು ಸೇರಿದಳು. ನಾಯಿ ಇನ್ನೂ ಬಂದಿಲ್ಲ." ಎರಡೇ ಸಾಲು. ಸೊಸೆಯ ಸಾಲಿಗಿಂತ ನಾಯಿಯ ಸಾಲಿಗೆ ಮಸಿ ದಪ್ಪಗೆ ಬಿದ್ದಿತ್ತು. ಬೀಗರು ಕೆಟ್ಟವರಲ್ಲ. ಆದರೆ ಆ ನಾಯಿ ಅಂದರೆ ಅವರ ಜೀವ. ಅದಕ್ಕೆ ನಮ್ಮ ಕೈಯಲ್ಲಿ ಏನಾದರೂ ಆದರೆ ನಮ್ಮ ಜಯ ಇರುವ ತನಕ "ನಿಮ್ಮಪ್ಪನ ಮನೇಗೆ ಹೋದ ನಾಯಿ..." ಅನ್ನುವ ಮಾತು ಕೇಳುತ್ತಲೇ ಮುದ್ದೆ ತಿರುವಬೇಕು.

ಈಗ ಹೆಸರಿನ ವಿಚಾರ. ನಮ್ಮ ಯಜಮಾನರನ್ನು ಅವರ ತಾಯಿ ಸಂಪಿಗೆ ಊರಿನ ದೇವರಿಗೆ ಹರಸಿಕೊಂಡು ಹೆತ್ತರು, ಆ ದೇವರ ಹೆಸರನ್ನೇ ಇಟ್ಟರು. ಊರಿನವರು ಅದನ್ನು ಮೊಟಕು ಮಾಡಿ ಕರೆಯುತ್ತಾರೆ. ನಾನು ಕರೆಯುವುದಿಲ್ಲ. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಅಂತ ನಮ್ಮವ್ವ ಧಾರೆಯ ದಿನವೇ ಕಿವಿಯಲ್ಲಿ ಹೇಳಿದ್ದಳು. ನಲವತ್ತು ವರ್ಷ ಒಂದು ಸಲವೂ ಆಡಿದವಳಲ್ಲ. ಮೆಣಸಿನಕಾಯಿ ಘಾಟಿಗೆ ಮೂಗಿನಿಂದ 'ಆಕ್ಷಿ' ಅಂತ ಬರುತ್ತದಲ್ಲ, ಅದಕ್ಕೆ ಜನ ಹೇಳುವ ಮಾತು ಕೂಡ ಇವರ ಹೆಸರಿನ ಹಾಗೇ ಕೇಳುತ್ತದೆ ಅಂತ ಅದನ್ನೂ ಆಡುವುದಿಲ್ಲ. 'ಮೂಗು ಹಾರಿತು' ಅನ್ನುತ್ತೀನಿ.

ಅಂಥ ಹೆಸರನ್ನು ಬೀಗರು ನಾಯಿಗೆ ಇಟ್ಟಿದ್ದರು!

ಬೇಕಂತ ಇಟ್ಟದ್ದಲ್ಲ. ಸಂಬಂಧ ಕುದುರುವುದಕ್ಕೆ ಎಷ್ಟೋ ಮುಂಚೆ ಇಟ್ಟದ್ದು. ನಮಗೆ ಗೊತ್ತಾದದ್ದು ಮದುವೆ ಮಾತಿಗೆ ಅವರ ಮನೆಗೆ ಹೋದ ದಿನ. ಎಲೆ ಹಾಕಿದ್ದರು. ಇವರು ಹೋಳಿಗೆಗೆ ಕೈ ಇಟ್ಟಿದ್ದರು. ಹಿಂದಿನಿಂದ ನಾಯಿ ಒಳಗೆ ಬಂತು. ನಮಗೆ ಕಾಣಲಿಲ್ಲ, ಬೀಗರಿಗೆ ಕಂಡಿತು. ಅವರು ಗುಡುಗಿದರು. ಅವರು ಅಂದದ್ದನ್ನು ಅವರ ಬಾಯಲ್ಲೇ ಹೇಳಿಸುತ್ತೀನಿ, ನನ್ನ ಬಾಯಲ್ಲಿ ಅಲ್ಲ.

"ಲೇ ಸೀನಾ! ಎಲೆ ಹತ್ರ ಯಾಕ್ ಬಂದ್ಯಲಾ? ನಡೀ ಆಚೆಗೆ!"

ಇವರು ಹೋಳಿಗೆ ಬಿಟ್ಟು ಎದ್ದು ಆಚೆಗೆ ನಡೆದರು.

ಸಮಾಧಾನ ಮಾಡಿ ಕರೆತರುವ ಹೊತ್ತಿಗೆ ಸಾರು ಆರಿತ್ತು. ಸಂಬಂಧ ಉಳಿದದ್ದೇ ಪುಣ್ಯ.

ಆ ನಾಯಿಯೋ, ಹೆಸರು ಹಿಡಿದು ಕರೆದರೆ ಮಾತ್ರ ಬರುವ ಜಾತಿ. ಇನ್ನೇನು ಅಂದರೂ ಕಿವಿ ಆಡಿಸುವುದಿಲ್ಲ. ಆ ಹತ್ತು ದಿನ ಇವರು ಅಂಗಳದಲ್ಲಿ ನಿಂತು ತಮ್ಮ ಹೆಸರನ್ನು ತಾವೇ ಕೂಗಿಕೊಂಡರು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಮರುಕಪಟ್ಟು ಹೋದರು. ನಾನು ಮಾತ್ರ ಉಪಾಯಗಾರ್ತಿ, ಅಲ್ಯೂಮಿನಿಯಂ ತಟ್ಟೆ ಬಡಿಯುತ್ತಿದ್ದೆ. ತಟ್ಟೆ ಬಡಿದರೆ ಇಬ್ಬರೂ ಬರುತ್ತಿದ್ದರು.

ಕಾರ್ಡು ಬಂದ ಮಾರನೇ ದಿನ ನಾನೇ ಹೊರಟೆ.

"ನಾನೂ ಬತ್ತೀನಿ ಕಣೇ" ಅಂದರು ಇವರು. "ಗುಡ್ಡದಲ್ಲಿ ಎತ್ಲಾಗಾದ್ರೂ ನುಗ್ಗಿದ್ರೆ ಅದನ್ನ ಕರಿಯೋರ್ ಯಾರು?"

"ನಾಕು ಎಮ್ಮೆ ಮೇಯ್ಸಿದೋಳಿಗೆ ಒಂದು ನಾಯಿ ಹೊಡ್ಕಂಡು ಹೋಗಕ್ ಬರಲ್ವಾ? ಅಟ್ಟದ ಕಾಯಿ ಸುಲಿಯೋರು ಬತ್ತೀವಿ ಅಂದವ್ರೆ, ನೀವು ಮನೇಲಿರ್ರಿ."

ತಲೆಯ ಮೇಲೆ ಬೀಗರಿಗೆ ಅಂತ ಉಂಡೆ ಕೊಬ್ಬರಿಯ ಚೀಲ. ಒಂದು ಕೈ ಚೀಲಕ್ಕೆ, ಇನ್ನೊಂದು ಕೈ ಕೋಲಿಗೆ. ನಾಯಿಯ ಹಗ್ಗ ಹಿಡಿಯಲು ಮೂರನೇ ಕೈ ಇಲ್ಲ. ಸೊಂಟಕ್ಕೆ ಕಟ್ಟಿಕೊಂಡೆ. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಆ ಗುಡ್ಡ ಹತ್ತಿದವರಿಗೆ ಗೊತ್ತು. ತೋಟದ ಬೇಲಿ ದಾಟಿದರೆ ನೆರಳು ಮುಗಿಯಿತು. ಆಮೇಲೆ ಬರೀ ಕೆಂಪು ಕಲ್ಲು, ಕಳ್ಳಿ, ಜಾಲಿ ಮುಳ್ಳು. ಯುಗಾದಿ ಕಳೆದ ಮೇಲೆ ಅಲ್ಲಿ ಓತಿಕ್ಯಾತ ಕೂಡ ಕಾಲು ಬದಲಾಯಿಸಿಕೊಂಡು ನಿಲ್ಲುತ್ತದೆ. ಅರ್ಧ ಗುಡ್ಡ ಸುಮ್ಮನೆ ಹತ್ತಿದೆವು. ನಾಯಿ ಮುಂದೆ, ನಾನು ಹಿಂದೆ. ಮೆರವಣಿಗೆ ಹೋದ ಹಾಗಿತ್ತು.

ಕಳ್ಳಿಯ ಬುಡದಿಂದ ಒಂದು ಮೊಲ ಎದ್ದಿತು.

ನಾಯಿ ಹೊರಟಿತು. ಹಗ್ಗ ಹೊರಟಿತು. ಸೊಂಟ ಹೊರಟಿತು. ಕೊನೆಗೆ ನಾನೂ ಹೊರಟೆ! ಕೂತ ಭಂಗಿಯಲ್ಲಿ ಹತ್ತು ಮಾರು ಇಳಿದು ಒಂದು ಜಾಲಿ ಗಿಡದ ಬಳಿ ನಿಂತೆ. ನಿಂತೆ ಅಂದರೆ, ಸೀರೆ ಸಿಕ್ಕಿಕೊಂಡಿತು.

ಮುಳ್ಳು ಕೀಳುತ್ತಾ ಕೂತು ಕೂಲಂಕಷವಾಗಿ ವಿಚಾರ ಮಾಡಿದೆ. ಸಕಲ ಅನಾಹುತಕ್ಕೂ ಹಗ್ಗವೇ ಮೂಲ ಅಂತ ತೀರ್ಮಾನವಾಯಿತು. ಬಿಚ್ಚಿದೆ. ನಾಯಿ ಒಂದು ಸಲ ನನ್ನ ಮುಖ ನೋಡಿತು. ಬಹಳ ಉಪಕಾರವಾಯಿತು ಅನ್ನುವ ಹಾಗೆ ಬಾಲ ಆಡಿಸಿತು. ಹೋಯಿತು.

"ಬಾ" ಅಂದೆ. ಬರಲಿಲ್ಲ. "ಏಯ್" ಅಂದೆ. "ಬೀಗರ ನಾಯೀ" ಅಂದೆ. "ಜಯನ ಮಾವನ ನಾಯೀ" ಅಂತ ವಿಳಾಸ ಸಮೇತ ಕೂಗಿದೆ. ಕೊನೆಗೆ ಮನೆಯಲ್ಲಿ ಇವರನ್ನು ಕರೆಯುವ ಹಾಗೆ, "ಏನೂಂದ್ರೇ, ಸ್ವಲ್ಪ ಇತ್ಲಾಗೆ ಬತ್ತೀರಾ?" ಅಂತ ಮರ್ಯಾದೆ ಕೊಟ್ಟೂ ಕರೆದೆ. ಅದಕ್ಕೂ ಬರಲಿಲ್ಲ. ಇವರೂ ಮೂರನೇ ಸಲಕ್ಕೇ ಬರುವುದು, ಅದು ಬೇರೆ ಮಾತು.

ತಟ್ಟೆ ತರಲು ಮರೆತಿದ್ದೆ. ಆಸೆ ತೋರಿಸೋಣ ಅಂತ ಒಂದು ಕೊಬ್ಬರಿ ಒಡೆದು ಕೈ ಎತ್ತಿ ಹಿಡಿದೆ. ಉಪಾಯ ಫಲಿಸಿತು. ಬಂದವು. ಹನ್ನೆರಡು ಕೋತಿ! ನನ್ನ ಕೈಯಲ್ಲಿದ್ದದ್ದನ್ನು ಒಂದು ಕಿತ್ತುಕೊಂಡಿತು, ಚೀಲವನ್ನು ಉಳಿದವು ಬಂಡೆಯ ಮೇಲೆ ಒಯ್ದು ಪಂಕ್ತಿಯಲ್ಲಿ ಕೂತವು. ಬೀಗರ ಕೊಬ್ಬರಿಯನ್ನು ಅಷ್ಟು ಶಿಸ್ತಾಗಿ ಬೀಗರೂ ತಿಂದಿರಲಾರರು.

ಸದ್ದು ಕೇಳಿ ಒಬ್ಬ ಕುರಿ ಕಾಯುವವನು ಮೇಲಿನಿಂದ ಇಳಿದು ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಚಿಕ್ಕಣ್ಣ ಅಂತ ಹೆಸರು ಹೇಳಿದ. ತನ್ನ ಹೆಸರು ಹೇಳಲು ಅವನಿಗೆ ಏನೂ ಕಷ್ಟವಾಗಲಿಲ್ಲ.

"ನಾಯಿ ತಪ್ಪುಸ್ಕಂಡ್ತಾ ಅಜ್ಜಿ? ಬಿರ್ರನೆ ಹುಡುಕ್ಬೇಕು. ಈ ಹಳ್ಳದಲ್ಲಿ ಚಿರ್ತೆ ಓಡಾಡ್ತೈತೆ. ನಾಯಿ ಅಂದ್ರೆ ಅದಕ್ಕೆ ಪಾಯ್ಸ. ಹೆಸ್ರೇನು, ಕೂಗ್ತೀನಿ."

"ಹೇಳಂಗಿಲ್ಲ ಕಣಪ್ಪ."

"ನಾಯಿ ಹೆಸ್ರು ಹೇಳಂಗಿಲ್ವಾ?"

"ನಮ್ಮೆಜಮಾನ್ರು ಹೆಸ್ರೂ ಅದೇಯ."

ಅವನು ನನ್ನನ್ನು ಒಂದು ಗಳಿಗೆ ನೋಡಿದ. ಬಿಸಿಲಿನ ಕಡೆ ಒಂದು ಸಲ ನೋಡಿದ. "ಸರಿ ಬುಡು, ಸುಳಿವು ಕೊಡು" ಅಂದ.

"ಸಂಪಿಗೆ ದೇವ್ರ ಹೆಸ್ರು."

"ವೆಂಕಟೇಶಾ?"

"ಆ ದೇವ್ರೇ. ಬೇರೆ ಹೆಸ್ರು."

"ಗೋವಿಂದಾ! ತಿಮ್ಮಪ್ಪಾ!" ಅಂತ ಹಳ್ಳಕ್ಕೆ ಮುಖ ಮಾಡಿ ಕೂಗಿದ. ಗುಡ್ಡದ ಆಚೆಯಿಂದ ಯಾರೋ ಮನುಷ್ಯರು "ಓಯ್, ಯಾರ್ಲಾ ಅದು?" ಅಂದರು.

ಹೀಗಾದರೆ ಆಗುವುದಿಲ್ಲ ಅಂತ ನಾನು ಮೂಗು ತಿಕ್ಕಿ, ಮುಖ ಮೇಲೆತ್ತಿ, ಜೋರಾಗಿ 'ಆಕ್ಷೀ!' ಅಂತ ಮಾಡಿ ತೋರಿಸಿದೆ.

ಚಿಕ್ಕಣ್ಣ ಎರಡು ಹೆಜ್ಜೆ ಹಿಂದೆ ಸರಿದ. "ಅಯ್ಯೋ, ಒಂಟಿ ಸೀನು ಕಣಜ್ಜಿ! ಒಳ್ಳೇದಲ್ಲ. ಇನ್ನೊಂದ್ ಕಿತ ಸೀನ್ಬುಡು!"

"ಅದೇ! ಈಗ ಅಂದ್ಯಲ್ಲ, ಅದೇಯ!"

"ಯಾವ್ದು? ಒಳ್ಳೇದಲ್ಲ ಅಂತಲಾ?"

"ಅದ್ರ ಹಿಂದಿಂದು!"

"ಒಂಟೀನಾ?" ಅಂದವನೇ ತಿರುಗಿ, "ಒಂಟೀ! ಲೇ ಒಂಟೀ!" ಅಂತ ಕೂಗಿಯೇಬಿಟ್ಟ.

"ಅಲ್ಲ ಕಣೋ! ಒಂಟಿ ಆದ್ಮೇಲೆ ಬರೋದು!"

ಆಗ ಅವನ ಮುಖ ಅರಳಿತು. ಕಂಬಳಿ ಕೆಳಗಿಟ್ಟ. ಎರಡು ಕೈಯೂ ಬಾಯಿಗೆ ಕೊಟ್ಟುಕೊಂಡು ಆ ಗುಡ್ಡ ಈ ಗುಡ್ಡ ಒಂದಾಗುವ ಹಾಗೆ ಕೂಗಿದ. "ಲೇ ಸೀನಾ! ಎಲ್ಲಿ ಬಿದ್ದಿದ್ದೀಯಲಾ, ಕಳ್ ನನ್ಮಗನೇ! ಮುದುಕಿ ಇಲ್ಲಿ ಒಣಗ್ತಾವ್ಳೆ, ಬಾಲ ಮುದುರ್ಕಂಡು ಬಾರ್ಲಾ!"

ನಾಯಿ ಬರಲಿಲ್ಲ. ಇವರು ಬಂದರು.

ಕಾಯಿ ಸುಲಿಯುವವರು ಆ ದಿನ ಕೈಕೊಟ್ಟಿದ್ದರಂತೆ. ನಾನು ತಟ್ಟೆ ಬಿಟ್ಟು ಹೋದದ್ದು ನೋಡಿ, ಅದನ್ನೂ ನನ್ನ ರೊಟ್ಟಿ ಗಂಟನ್ನೂ ಹಿಡಿದು ಹಿಂದೆಯೇ ಗುಡ್ಡ ಹತ್ತಿ ಬಂದಿದ್ದರು. ಮುಖ ಕೆಂಪು ಕಲ್ಲಿನ ಬಣ್ಣಕ್ಕೆ ತಿರುಗಿತ್ತು.

"ಯಾವನಲಾ ಅವ್ನು ನನ್ನ ಕಳ್ ನನ್ಮಗ ಅಂದೋನು?"

"ನಿನ್ನ ಯಾರಂದ್ರು ಯಜಮಾನ? ನಾನು ನಾಯೀನ ಕರ್ದೆ."

"ಯಾರ್ನಲಾ ನಾಯಿ ಅಂತೀಯ?"

ಇವರು ತಟ್ಟೆ ಎತ್ತಿದರು. ಅವನು ಕೋಲು ಎತ್ತಿದ. ನಡುವೆ ನಾನು. ಅಷ್ಟರಲ್ಲಿ ಕೆಳಗಿನ ಹಳ್ಳದಿಂದ ಒಂದು ಸದ್ದು ಬಂತು. ಮಡಕೆಯ ಒಳಗೆ ಕೂತು ಯಾರೋ ಗುರುಗುಟ್ಟಿದ ಹಾಗೆ, ದಪ್ಪಗೆ, ಗುಂಯ್ ಅಂತ. ಚಿರತೆ! ಬೀಗರ ಕಾರ್ಡು ಕಣ್ಣ ಮುಂದೆ ಬಂತು. ಒಲೆ ಮುಂದೆ ತಲೆ ತಗ್ಗಿಸಿ ಕೂತ ಜಯ ಬಂದಳು.

"ಜಗಳ ಆಮೇಲಾಡ್ರಿ, ಮೊದ್ಲು ಅದನ್ನ ಕರೀರಿ!" ಅಂದೆ.

"ಮೊದ್ಲು ಇವ್ನು ತಪ್ಪಾಯ್ತು ಅನ್ಲಿ" ಅಂದರು ಇವರು.

"ನಾನ್ಯಾಕ್ ಅನ್ಲಿ?" ಅಂದ ಅವನು.

ಗಂಡಸರು ಇಬ್ಬರಿದ್ದರು, ಕರೆಯುವವರು ಒಬ್ಬರೂ ಇರಲಿಲ್ಲ. ನಾನು ಕಣ್ಣು ಮುಚ್ಚಿದೆ. ಬಾಯಿ ತೆರೆದೆ. ಕೂಗಿದೆ. ಏನಂತ ಅಂತ ಮತ್ತೆ ಕೇಳಬೇಡಿ. ನಲವತ್ತು ವರ್ಷ ಒಳಗೇ ಕೂಡಿಟ್ಟಿದ್ದು ಒಂದೇ ಸಲಕ್ಕೆ ಹೊರಗೆ ಬಂತು. ಬಂಡೆಯ ಮೇಲಿನ ಕೋತಿಗಳು ಕೊಬ್ಬರಿ ಬಿಟ್ಟು ಓಡಿದವು. ಗುಡ್ಡ ಆ ಹೆಸರನ್ನು ಇನ್ನೂ ನಾಲ್ಕು ಸಲ ಹೇಳಿತು. ಅದಕ್ಕೆ ಮಾತ್ರ ನಾನು ಜವಾಬ್ದಾರಳಲ್ಲ.

ಇವರ ಕೈಯಿಂದ ತಟ್ಟೆ ಬಿತ್ತು. ಜಗಳ ನಿಂತಿತು. ಪೊದೆ ಅಲುಗಾಡಿತು. ಹಳ್ಳದಿಂದ ಒಂದು ಮಡಕೆ ಓಡಿ ಬಂತು.

ಮಡಕೆಗೆ ನಾಲ್ಕು ಕಾಲು, ಒಂದು ಬಾಲ!

"ಅಯ್ಯಯ್ಯೋ, ನನ್ನ ಮಜ್ಗೆ ಗಡ್ಗೆ!" ಅಂದ ಚಿಕ್ಕಣ್ಣ. ಮಧ್ಯಾಹ್ನಕ್ಕೆ ಅಂತ ಹಳ್ಳದ ತಂಪಿನಲ್ಲಿ ಇಟ್ಟಿದ್ದನಂತೆ. ನಾಯಿ ಮಜ್ಜಿಗೆಗೆ ತಲೆ ಹಾಕಿ, ತಲೆ ಸಿಕ್ಕಿಕೊಂಡು ಅಲ್ಲೇ ಒದ್ದಾಡುತ್ತಿತ್ತು. ನನ್ನ ದನಿ ಬಂದ ದಿಕ್ಕಿಗೆ ಕುರುಡಾಗಿ ಓಡಿ ಬಂದದ್ದು, ನನ್ನನ್ನು ದಾಟಿ ನೇರವಾಗಿ ಇವರ ಮೊಣಕಾಲಿಗೆ ಗುದ್ದಿತು. ಗಡಿಗೆ ಒಡೆಯಿತು. ನಾಯಿ ಮೀಸೆ ತುಂಬಾ ಮಜ್ಜಿಗೆ ಹಚ್ಚಿಕೊಂಡು ಹೊರಗೆ ಬಂತು. ಇವರು "ಅಮ್ಮಾ" ಅಂತ ಕೂತರು.

ಆಯಸ್ಸು ಕಮ್ಮಿಯಾಗುವುದು ಮೊಣಕಾಲಿನಿಂದ ಶುರುವಾಗುತ್ತದೆ ಅಂತ ನನಗೆ ಅಲ್ಲಿ ತನಕ ಗೊತ್ತಿರಲಿಲ್ಲ.

ಗಡಿಗೆಗೆ ಬದಲಾಗಿ ನಮ್ಮ ರೊಟ್ಟಿ ಗಂಟು ಚಿಕ್ಕಣ್ಣನಿಗೆ ಹೋಯಿತು. ತಿಂದು ಮೃದುವಾದ. ಇವರಿಗೆ ಹೆಗಲು ಕೊಟ್ಟು ಗುಡ್ಡದ ಆ ಕಡೆ ಇಳಿಸಿದವನೂ ಅವನೇ. ದಾರಿಯುದ್ದಕ್ಕೂ ಇವರು ನನ್ನ ಜೊತೆ ಒಂದೇ ಮಾತು ಆಡಿದ್ದು.

"ಅಷ್ಟು ಜೋರಾಗಿ ಕೂಗ್ಬೇಕಿತ್ತಾ?"

"ನಿಮ್ಮ ಕೈಯಲ್ಲಿ ತಟ್ಟೆ ಇತ್ತಲ್ಲ, ಬಡೀಬೇಕಿತ್ತು" ಅಂದೆ.

ಬಿಸಿಲು ಇಳಿಯುವ ಹೊತ್ತಿಗೆ ಬೀಗರ ಮನೆ ಸೇರಿದೆವು. ಬೀಗರು ಓಡಿ ಬಂದು ತಬ್ಬಿಕೊಂಡರು. ನಾಯಿಯನ್ನು. ಆಮೇಲೆ ಕುಂಟುತ್ತಿದ್ದ ಇವರಿಗೂ ಕಾಲಿಗೆ ನೀರು ಕೊಟ್ಟರು.

"ದಾರೀಲಿ ತೊಂದ್ರೆ ಕೊಡ್ಲಿಲ್ವಲ್ಲ ಬೀಗಿತಿ? ಕರ್ದ ತಕ್ಷಣ ಬತ್ತೈತೆ ಕಣ್ರೀ ಇದು."

ನಾನು ಬಾಯಿ ತೆರೆಯುವ ಮುಂಚೆ ಇವರು ಹೇಳಿಬಿಟ್ಟರು. "ಬಂತು. ನಮ್ಮೋಳೇ ಕರ್ದಳು. ಹೆಸ್ರು ಹಿಡ್ದು."

ಜಯ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಬೀಗಿತಿ ಕೆನ್ನೆಗೆ ಕೈ ಇಟ್ಟು, "ಶಿವನೇ, ಆಯಸ್ಸು ಕಮ್ಮಿ ಆಯ್ತದಂತಲ್ಲವ್ವ" ಅಂದರು.

"ಅವ್ರು ಕರ್ದಿದ್ದು ನಾಯೀನ ಕಣೇ" ಅಂದರು ಬೀಗರು, ಸಮಾಧಾನಕ್ಕೆ. ಅಂದವರೇ ನಾಯಿಯ ತಲೆ ಸವರಿದರು. "ಆದ್ರೆ... ಯಾರ್ದು ಕಮ್ಮಿ ಆಯ್ತದೆ?"

ನನಗೂ ಅದೇ ಯೋಚನೆ ಹತ್ತಿತು. ಹೆಸರು ಒಂದು, ಜೀವ ಎರಡು. ಯಾವುದಕ್ಕೆ ತಗುಲಿದೆಯೋ!

ಮಾರನೇ ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದೆ. ಸದ್ದಾಗದ ಹಾಗೆ ಹೋಗಿ ಬಗ್ಗಿ, ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಉಸಿರಾಡುತ್ತಿತ್ತು. ಬಾಲವನ್ನೂ ಒಂದು ಸಲ ಆಡಿಸಿತು. ಜೀವ ಬಂದ ಹಾಗಾಯಿತು.

ಆಮೇಲೆ ಒಳಗೆ ಹೋಗಿ ಇವರನ್ನೂ ನೋಡಿದೆ.